ತೊಂಬತ್ತಮೂರರ ನಾಣ್ಯ

ಜೂನ್ 11, ಭಾನುವಾರ

ನಾನು ಕೆತ್ತನೆ ಕೆಲಸ ಮಾಡುವ ಅಂಗಡಿಯ ಹಳೆಯ ಆರ್ಡರ್ ಪುಸ್ತಕವೊಂದರಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿತ್ತು. ಕೇಳದೆ ಮನೆಗೆ ತಂದೆ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ನನ್ನ ಬಾಯಿಗೆ ಹೆದರಿ ಯಾರೂ ಹತ್ತಿರ ಉಳಿದಿಲ್ಲ. ಪುಸ್ತಕವಾದರೆ ಮಧ್ಯದಲ್ಲಿ ಎದ್ದು ಹೋಗುವುದಿಲ್ಲ.

ನಿನ್ನೆ ಅವಳ ಮಗಳನ್ನು ಕರೆದುಕೊಂಡು ಬಂದೆ. ಅವಳು ಎಂದರೆ ನನ್ನ ತಂಗಿ. ನಾವು ಮಾತು ಬಿಟ್ಟು ಐದು ವರ್ಷವಾಯಿತು. ಮದುವೆಗೆ ಮೊದಲೇ ನಾನು "ಈ ಗಂಡಸು ನಿಲ್ಲೋನಲ್ಲ ಕಣೇ" ಎಂದಿದ್ದೆ. ಮಗುವಿಗೆ ಎರಡು ತುಂಬುವಷ್ಟರಲ್ಲಿ ಅವನು ಹೋದ. ಆಗ "ನಾನು ಹೇಳಿರಲಿಲ್ವಾ?" ಎಂದೆ. ನಾನು ಮಾಡಿದ ಅಪರಾಧ ಅಷ್ಟೇ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ನನ್ನ ತಪ್ಪಲ್ಲ.

ಈಗ ಅವಳು ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿದ್ದಾಳೆ. ಯಕೃತ್ತಿನಲ್ಲಿ ಗೆಡ್ಡೆ. ಹತ್ತಿರದ ಸಂಬಂಧಿ ಯಾರು ಎಂದು ಕೇಳಿದ್ದಕ್ಕೆ ನನ್ನ ನಂಬರು ಬರೆಸಿದ್ದಾಳೆ. ಬೇರೆ ಯಾರ ನಂಬರೂ ಇರಲಿಲ್ಲವೇನೋ.

ಹುಡುಗಿಗೆ ಏಳು ವರ್ಷ. ಒಂದು ಚೀಲ ಬಟ್ಟೆ, ಅಲ್ಲಾಡುವ ಒಂದು ಹಲ್ಲು, ಇಷ್ಟೇ ಅವಳ ಸಾಮಾನು. ನನ್ನ ಮನೆಯಲ್ಲಿರುವುದು ಒಂದೇ ಮಂಚ. ಗೋಡೆಯ ಕಡೆ ತಿರುಗಿ ಮಲಗುತ್ತಾಳೆ, ಒದೆಯುವುದು ಮಾತ್ರ ನನಗೆ.

ಜೂನ್ 14, ಬುಧವಾರ

ಹುಡುಗಿ ಊಟ ಮಾಡುವುದಿಲ್ಲ. ತಟ್ಟೆಯ ಮುಂದೆ ಮುಕ್ಕಾಲು ಗಂಟೆ ಕೂತು, ಹಾಕಿದ್ದನ್ನು ಈ ಕಡೆಯಿಂದ ಆ ಕಡೆಗೆ ಸಾಗಿಸುತ್ತಾಳೆ. "ಅಮ್ಮ ಯಾವಾಗ ಬರ್ತಾಳೆ?" ಎಂದು ಕೇಳಿದಳು. "ಗೊತ್ತಿಲ್ಲ" ಎಂದೆ. ನಿಜವನ್ನೇ ಹೇಳಿದೆ. ಆಮೇಲೆ ಅವಳು ಚಮಚವನ್ನೂ ಮುಟ್ಟಲಿಲ್ಲ.

ಜೂನ್ 18, ಭಾನುವಾರ

ಬೆಳಗಿನಿಂದ ಕಿಟಕಿಯ ಹತ್ತಿರ ನಿಂತುಕೊಂಡೇ ಇದ್ದಳು. ಸುಮ್ಮನಿರುವ ಮಗುವನ್ನು ನೋಡುತ್ತ ಕೂರುವುದಕ್ಕಿಂತ ಅಳುವ ಮಗುವೇ ಮೇಲು. ಕಪಾಟಿನಲ್ಲಿದ್ದ ಚಿಲ್ಲರೆ ಡಬ್ಬಿಯನ್ನು ತಂದು ನೆಲದ ಮೇಲೆ ಸುರಿದೆ.

"ಇವನ್ನ ಬೇರೆ ಬೇರೆ ಮಾಡು, ನೋಡೋಣ."

ಅವಳಿಗೆ ಅಕ್ಷರಕ್ಕಿಂತ ಅಂಕಿ ಚೆನ್ನಾಗಿ ಬರುತ್ತದೆ. ಎರಡರ ನಾಣ್ಯಗಳನ್ನೆಲ್ಲ ಒಂದು ಕಡೆ ಸಾಲಾಗಿ ಇಟ್ಟಳು. ನಾವು ಅಂಗಡಿಯಲ್ಲಿ ಹಳೆಯ ಫಲಕಗಳ ನಕಲು ತೆಗೆಯುವ ರೀತಿಯನ್ನು ತೋರಿಸಿಕೊಟ್ಟೆ: ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲನ್ನು ಓರೆಯಾಗಿ ಹಿಡಿದು ಉಜ್ಜುವುದು. ಕಾಗದದ ಮೇಲೆ ಮೊದಲು ಅಂಚು, ಆಮೇಲೆ ಅಂಕಿ ಎದ್ದು ಬಂತು. ಹುಡುಗಿ ಬಾಯಿ ತೆರೆದಳು. ಆ ಹಲ್ಲು ಇನ್ನೊಂದು ವಾರವೂ ನಿಲ್ಲುವುದಿಲ್ಲ.

ಮೊದಲು ಬಂದದ್ದು 1984. "ಇದು ನಿಮ್ಮಮ್ಮ ಹುಟ್ಟಿದ ವರ್ಷ" ಎಂದೆ. ಅವಳು ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, "ಇದಾದ್ಮೇಲಿಂದು?" ಎಂದಳು. ನನಗೆ ಪಾತ್ರೆ ತೊಳೆಯುವುದಿತ್ತು.

"ವರ್ಷಕ್ಕೊಂದು ಹುಡುಕ್ಕೋ. ಈ ವರ್ಷದವರೆಗೂ. ಅಷ್ಟೂ ಸಿಗೋ ಹೊತ್ತಿಗೆ ಅಮ್ಮ ಮನೆಗೆ ಬಂದಿರ್ತಾಳೆ."

ಮಾತು ಮುಗಿಸುವುದಕ್ಕೆ ಹಾಗೆ ಹೇಳಿದೆ. ಸಂಜೆ ಅರ್ಧ ತಟ್ಟೆ ಊಟ ಮಾಡಿದಳು.

ಜೂನ್ 29, ಗುರುವಾರ

ಹುಡುಗಿಗೆ ಚೋಟು ಎಂದು ಹೆಸರಿಟ್ಟಿದ್ದೇನೆ. ಚೋಟುದ್ದ ಇದ್ದಾಳೆ, ಊರಿನವರ ಜೇಬನ್ನೆಲ್ಲ ಜಾಲಾಡುತ್ತಾಳೆ. ಶಾಲೆ ಬಿಟ್ಟ ಮೇಲೆ ನಮ್ಮ ಅಂಗಡಿಗೇ ಬಂದು ಕೂರುತ್ತಾಳೆ. ಬಹುಮಾನದ ಕಪ್ಪು, ಪದಕ, ಬಾಗಿಲಿಗೆ ಹಾಕುವ ಹೆಸರಿನ ಫಲಕ ಇವುಗಳ ಮೇಲೆ ಅಕ್ಷರ ಕೆತ್ತುವುದು ನನ್ನ ಕೆಲಸ. ಗಿರಾಕಿ ಬಂದು ಮಗನ ಹೆಸರನ್ನು ಬರೆಸುವಷ್ಟರಲ್ಲಿ ಇವಳು ಮೇಜಿನ ಕೆಳಗಿಂದ ತಲೆ ಹೊರಗೆ ಹಾಕಿ, "ನಿಮ್ಮ ಹತ್ರ ಎರಡರ ನಾಣ್ಯ ಇದ್ಯಾ?" ಎನ್ನುತ್ತಾಳೆ. ಅಂಗಡಿಯ ಯಜಮಾನ, "ಇದೇನಮ್ಮ, ಅಂಗಡಿಯೋ ತನಿಖಾ ಠಾಣೆಯೋ?" ಎಂದು ರೇಗಿದ. ಮಧ್ಯಾಹ್ನ ನೋಡಿದರೆ ತಾನೇ ಗಲ್ಲಾ ಪೆಟ್ಟಿಗೆಯನ್ನು ತೆಗೆದು ಅವಳ ಮುಂದೆ ಇಟ್ಟಿದ್ದ. ಅವಳಿಗೊಂದು ಸ್ಟೂಲೂ ಬಂತು.

ಪದಕ ಇಡುವ ದಪ್ಪ ರಟ್ಟಿನಲ್ಲಿ ನಲವತ್ತು ತೂತು ಕತ್ತರಿಸಿಕೊಟ್ಟೆ. ಕೆಳಗೆ ವರ್ಷವನ್ನು ಅವಳೇ ಬರೆದುಕೊಂಡಳು. ಹದಿನೇಳು ತುಂಬಿವೆ. ಹಲ್ಲು ಬಿತ್ತು. ಅದಕ್ಕೂ ಒಂದು ತೂತು ಬೇಕಂತೆ, ಕೊಡಲಿಲ್ಲ.

ಜುಲೈ 9, ಭಾನುವಾರ

ರೈಲು ನಿಲ್ದಾಣದ ಹಿಂದಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೆ, ಒಬ್ಬ ಮುದುಕ ಹಳೆಯ ನಾಣ್ಯಗಳನ್ನು ಮಾರುತ್ತಾನೆ. ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಾನೆ. ಚೋಟು ಅವನಿಗೆ ಅಲ್ಲೇ ಹೆಸರಿಟ್ಟಳು, ಒಂಟಿಕಣ್ಣು ತಾತ. ಅವಳು ನಾಣ್ಯಗಳನ್ನು ಬೂದಿ ಹಾಕಿ ಉಜ್ಜಿ ಹೊಳೆಯಿಸಿ ಒಯ್ದಿದ್ದಳು. ಮುದುಕ ಎದೆ ಹಿಡಿದುಕೊಂಡ.

"ಯಾರಮ್ಮ ಇದನ್ನ ತೊಳ್ದಿದ್ದು? ಮುಖ ತೊಳ್ದಂಗೆ ತೊಳ್ದ್ಬಿಟ್ಟಿದ್ದೀಯಲ್ಲ! ಕೊಳೆ ಇದ್ರೇನೇ ಅದಕ್ಕೆ ಮರ್ಯಾದೆ. ಹೀಗೆ, ಅಂಚಲ್ಲಿ ಹಿಡೀಬೇಕು. ಬೆರಳು ಮುಖಕ್ಕೆ ತಾಗ್ಬಾರ್ದು."

ಎರಡು ಬೆರಳ ಮಧ್ಯೆ ಅಂಚನ್ನು ಹಿಡಿಯುವುದನ್ನು ಒಂದು ಗಂಟೆ ಕಲಿಸಿದ. ನಾಲ್ಕು ನಾಣ್ಯ ಸಿಕ್ಕವು. ದಾರಿಯುದ್ದಕ್ಕೂ ಅವಳು ನನ್ನ ಕೈಯನ್ನೂ ಅದೇ ರೀತಿ ಎರಡೇ ಬೆರಳಲ್ಲಿ ಹಿಡಿದು ನಡೆದಳು. ಇದೆಂಥ ಹುಚ್ಚು!

ಜುಲೈ 23, ಭಾನುವಾರ

ಈಗ ಹೊಸ ಕಾಟ ಶುರುವಾಗಿದೆ. ಪ್ರತಿ ನಾಣ್ಯಕ್ಕೂ, "ಆ ವರ್ಷ ಅಮ್ಮ ಏನ್ ಮಾಡ್ತಿದ್ಲು?" 1988ಕ್ಕೆ ಸೀಮೆಸುಣ್ಣ ತಿಂದಳು. 1990ಕ್ಕೆ ನನ್ನ ಜಡೆಯನ್ನು ಕುರ್ಚಿಗೆ ಕಟ್ಟಿದಳು. 1999ಕ್ಕೆ ಪರೀಕ್ಷೆಯಲ್ಲಿ ಫೇಲಾಗಿ, ಅಂಕಪಟ್ಟಿಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಳು. ಚೋಟು ಬಿದ್ದು ಬಿದ್ದು ನಗುತ್ತಾಳೆ. ಆದರೆ ಈಚಿನ ಐದು ವರ್ಷದ ಕಥೆ ನನ್ನ ಹತ್ತಿರ ಇಲ್ಲ. ನನಗೇನು ಗೊತ್ತು?

ಆಸ್ಪತ್ರೆಗೆ ಹೋದಾಗ ಇಷ್ಟು ದಿನ ಹಾಸಿಗೆಯ ಪಕ್ಕ ಹಣ್ಣಿಟ್ಟು, ಡಾಕ್ಟರು ಏನೆಂದರು ಎಂದು ಕೇಳಿ, ಬರುತ್ತಿದ್ದೆ. ಇವತ್ತು, "2019ರಲ್ಲಿ ನೀನು ಏನ್ ಮಾಡ್ತಿದ್ದೆ?" ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಪೊಲೀಸಿನೋರ್ ಥರ ಕೇಳ್ತೀಯಲ್ಲ."

"ನಿನ್ನ ಮಗಳಿಗೆ ಬೇಕಂತೆ."

ದಿಂಬಿಗೆ ಒರಗಿ ಹೇಳಿದಳು. ಆ ವರ್ಷ ಬೇಕರಿಯಲ್ಲಿ ಬ್ರೆಡ್ ಕತ್ತರಿಸುವ ಕೆಲಸಕ್ಕೆ ಸೇರಿದ್ದಳಂತೆ. ಮಗುವನ್ನು ಹಿಟ್ಟಿನ ಚೀಲಗಳ ಮೇಲೆ ಮಲಗಿಸುತ್ತಿದ್ದಳಂತೆ. ನನ್ನ ಮನೆ ಅಲ್ಲಿಂದ ಎರಡು ಬಸ್ ನಿಲ್ದಾಣದ ದೂರ. ಹೊರಡುವಾಗ ಅವಳ ಕಾಲಿಗೆ ಹೊದಿಕೆ ಸರಿಮಾಡಿದೆ. ಕಾಲು ಊದಿದೆ.

ಆಗಸ್ಟ್ 17, ಗುರುವಾರ

ಪರೀಕ್ಷೆಯ ವರದಿ ಬಂತು. ಗೆಡ್ಡೆ ಬೆಳೆದಿಲ್ಲವಂತೆ. ಯಜಮಾನ, "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು, ನೋಡ್ತಿರು" ಎಂದ. ಬೀಸುವವನು ಇನ್ನೂ ದೊಣ್ಣೆ ಕೆಳಗಿಟ್ಟಿಲ್ಲ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಮೂವತ್ತನಾಲ್ಕು ತುಂಬಿವೆ.

ಸೆಪ್ಟೆಂಬರ್ 10, ಭಾನುವಾರ

ಮೂವತ್ತೊಂಬತ್ತು. ಉಳಿದಿರುವುದು 1993 ಒಂದೇ. ಮೆಟ್ಟಿಲ ಕೆಳಗಿನ ಮುದುಕನ ಬಳಿ ಹೋದೆವು. ಕೇಳಿ ಮುಗಿಸುವ ಮೊದಲೇ ಇಲ್ಲವೆಂದು ತಲೆಯಾಡಿಸಿದ.

"ಅದು ಸಿಗಲ್ಲಮ್ಮ. ನನ್ನ ಹತ್ರ ಅಲ್ಲ, ಯಾರ ಹತ್ರಾನೂ. ಆ ವರ್ಷ ಟಂಕಸಾಲೆಯಲ್ಲಿ ಎರಡರ ನಾಣ್ಯ ಹೊಡೀಲೇ ಇಲ್ಲ. ಹಿಂದಿನ ವರ್ಷದ್ದೇ ಗೋದಾಮಲ್ಲಿ ರಾಶಿ ಬಿದ್ದಿತ್ತಂತೆ. ಎಲ್ಲರ ಸಂಗ್ರಹದಲ್ಲೂ ಆ ಜಾಗ ಖಾಲಿನೇ ಬಿಡ್ತಾರೆ."

ಚೋಟು ಅಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಕೇಳಿದಳು.

"ಅಷ್ಟೂ ಸಿಕ್ಕಿದ್ರೆ ಅಮ್ಮ ಬರ್ತಾಳೆ ಅಂದಿದ್ಯಲ್ಲ. ಒಂದು ಇಲ್ದೇ ಇದ್ರೆ?"

"ಒಂದು ಇಲ್ದಿದ್ರೂ ಬರ್ತಾಳೆ."

"ಹಾಗಂತ ನೀನು ಹೇಳಿರ್ಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜೂನ್ ತಿಂಗಳಲ್ಲಿ ನಾನು ಆಡಿದ್ದನ್ನು ಇವಳು ಅಕ್ಷರಕ್ಕಕ್ಷರ ಇಟ್ಟುಕೊಂಡಿದ್ದಾಳೆ. ಮತ್ತೆ ಊಟ ಬಿಟ್ಟಿದ್ದಾಳೆ.

ಸೆಪ್ಟೆಂಬರ್ 13, ಬುಧವಾರ

1993ರಲ್ಲಿ ಏನಾಯಿತು ಎಂದು ತಂಗಿಯನ್ನು ಕೇಳಿದೆ. ಅವಳಿಗೆ ಒಂಬತ್ತು ವರ್ಷ, ನನಗೆ ಹದಿನೈದು. ಇಬ್ಬರಿಗೂ ನೆನಪಿರಬೇಕು. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದಳು.

"ಏನೂ ಆಗ್ಲಿಲ್ಲ ಕಣೇ ಅಕ್ಕ. ಸ್ಕೂಲಿಗೆ ಹೋದ್ವಿ, ಬಂದ್ವಿ, ಮಲಗಿದ್ವಿ."

ಅದರ ಹಿಂದಿನ ವರ್ಷ ನೆನಪಿದೆ, ಮುಂದಿನ ವರ್ಷ ನೆನಪಿದೆ. ಅದೊಂದು ಮಾತ್ರ ಖಾಲಿ. "ಎಷ್ಟು ಆರಾಮಾಗಿದ್ವೋ ಏನೋ, ನೆನಪೇ ಇಲ್ಲ" ಎಂದಳು. ಅವಳು ನನ್ನನ್ನು ಅಕ್ಕ ಎಂದದ್ದು ಮನೆಗೆ ಬಂದ ಮೇಲೆ ಹೊಳೆಯಿತು.

ಸೆಪ್ಟೆಂಬರ್ 20, ಬುಧವಾರ

ಡಾಕ್ಟರು ನನ್ನನ್ನು ಪಕ್ಕದ ಕೋಣೆಗೆ ಕರೆದರು. ಕುರ್ಚಿ ತೋರಿಸಿದಾಗಲೇ ಗೊತ್ತಾಯಿತು. ಒಳ್ಳೆಯ ಸುದ್ದಿಯನ್ನು ನಿಂತೇ ಹೇಳುತ್ತಾರೆ. ಗೆಡ್ಡೆ ಶ್ವಾಸಕೋಶಕ್ಕೂ ಹರಡಿದೆ. ಇನ್ನೊಂದು ಔಷಧ ಇದೆ, ಕೊಟ್ಟು ನೋಡುತ್ತೇವೆ ಎಂದರು. "ನೋಡಿದ್ರೆ ಏನಾಗತ್ತೆ?" ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ನಿಜ ಹೇಳುವವರು ಆ ಕೋಣೆಯಲ್ಲಿ ನಾನೊಬ್ಬಳೇ.

ಮನೆಗೆ ಬಂದಾಗ ಮಗು ಬಾಗಿಲಲ್ಲೇ ನಿಂತಿತ್ತು. "ಡಾಕ್ಟರು ಏನಂದ್ರು?"

"ಹೊಸ ಔಷಧ ಕೊಡ್ತಾರಂತೆ" ಎಂದೆ.

ಸೆಪ್ಟೆಂಬರ್ 28, ಗುರುವಾರ

ಇವತ್ತು ಊಟದ ಬಿಡುವಿನಲ್ಲಿ, ಯಜಮಾನ ಹೊರಗೆ ಹೋಗಿದ್ದಾಗ, ಆ ಕೆಲಸ ಮಾಡಿದೆ.

ನಾಣ್ಯದ ಅಂಕಿ ಉಬ್ಬು ಅಂಕಿ. ಉಬ್ಬಿಗೆ ಹೊಸದನ್ನು ಸೇರಿಸುವುದು ನನ್ನ ಉಳಿಯಿಂದ ಆಗದ ಮಾತು, ಇದ್ದದ್ದನ್ನು ತೆಗೆಯಬಹುದು. ನಮ್ಮ ಬಳಿ 1998ರ ನಾಣ್ಯ ಎರಡಿದ್ದವು. ಒಂದನ್ನು ಅಲುಗದಂತೆ ಅರಗಿನ ಮೇಲೆ ಕೂರಿಸಿ, ಭೂತಗನ್ನಡಿಯ ಕೆಳಗಿಟ್ಟು, ಕೊನೆಯ 8ರ ಎಡ ಮಗ್ಗುಲನ್ನು ಮೇಲೊಂದು ಕಡೆ, ಕೆಳಗೊಂದು ಕಡೆ ಕೂದಲೆಳೆಯಷ್ಟು ಕೆರೆದು ತೆಗೆದೆ. 3 ಉಳಿಯಿತು. ಮೂವತ್ತು ನಿಮಿಷವೂ ಹಿಡಿಯಲಿಲ್ಲ. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದ್ದೇನೆ, ಸುಳ್ಳು ಅಂಕಿ ಮಾಡಿದ್ದು ಇದೇ ಮೊದಲು.

ಕೆರೆದ ಜಾಗ ಹೊಳೆಯುತ್ತದೆ. ಕಪ್ಪು ಮಸಿ ತೀಡಿ, ಸವೆದು ಹಳತಾಗಲೆಂದು ಬೀಗದಕೈಯ ಜೊತೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಒಂದು ವಾರ ಹಾಗೆ ಓಡಾಡಿದರೆ ಸಾಕು.

ಅಕ್ಟೋಬರ್ 8, ಭಾನುವಾರ

ಕೊಟ್ಟೆ. ನಮ್ಮ ಅಂಗಡಿಗೆ ಬಂದ ಗಿರಾಕಿಯೊಬ್ಬರ ಬಳಿ ಸಿಕ್ಕಿತು, ಒಂಟಿಕಣ್ಣು ತಾತನಿಗೂ ಗೊತ್ತಿಲ್ಲದ ನಾಣ್ಯ, ಅವನಿಗೆ ಹೇಳಬೇಡ, ಹೊಟ್ಟೆ ಉರಿದುಕೊಂಡಾನು ಎಂದೆ. ಒಂದಾದ ಮೇಲೊಂದು ಸುಳ್ಳು ಎಷ್ಟು ಸಲೀಸಾಗಿ ಬಂತು!

ಮಗು ಅದನ್ನು ಅಂಚಿನಲ್ಲಿ ಹಿಡಿದು ತೂತಿನಲ್ಲಿ ಕೂರಿಸಿತು. ಆಮೇಲೆ, "ಆ ವರ್ಷ ಅಮ್ಮ ಏನ್ ಮಾಡಿದ್ಲು?"

ಅದಕ್ಕೂ ಸಿದ್ಧಳಾಗಿದ್ದೆ. ಆ ವರ್ಷ ನಿಮ್ಮಮ್ಮ ಶಾಲೆಯ ಓಟದಲ್ಲಿ ಮೊದಲು ಬಂದಳು. ಒಂದು ಚಪ್ಪಲಿ ದಾರಿಯಲ್ಲೇ ಕಿತ್ತುಹೋಗಿತ್ತು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಓಡಿ ಗೆದ್ದಳು.

"ನೀನು ನೋಡಿದ್ಯಾ?"

"ನಾನೇ ಚಪ್ಪಾಳೆ ತಟ್ಟಿದ್ದು."

ಎರಡು ಸಲ ಹಾಕಿಸಿಕೊಂಡು ಊಟ ಮಾಡಿದಳು.

ಅಕ್ಟೋಬರ್ 11, ಬುಧವಾರ

ತಂಗಿಗೆ ಮೊದಲೇ ಹೇಳಿಡಬೇಕಿತ್ತು. ಮಗು ಮಂಚ ಹತ್ತಿ ಕೂತು, "ಅಮ್ಮ, ನೀನು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಓಡಿದ್ಯಂತೆ?" ಎಂದೇಬಿಟ್ಟಿತು. ತಂಗಿ ನನ್ನನ್ನು ನೋಡಿದಳು. ಅವಳು ಹುಟ್ಟಾ ಸೋಮಾರಿ. ಮನೆಗೆ ಬೆಂಕಿ ಬಿದ್ದರೂ ಓಡುವವಳಲ್ಲ.

"ಹೌದು ಕಂದ. ಎಡಗಾಲಿಂದು" ಎಂದಳು. ಆಮೇಲೆ ತನ್ನದನ್ನೂ ಸೇರಿಸಿದಳು: ಎರಡನೆಯವಳು ತನ್ನ ಲಂಗ ಹಿಡಿದೆಳೆದಳು, ಆದರೂ ತಾನು ಬಿಡಲಿಲ್ಲ.

ಮಗು ನೀರು ತರಲು ಹೋದಾಗ, "ನಿಂಗೆ ಸುಳ್ಳು ಹೇಳೋಕೆ ಬರ್ತಿರ್ಲಿಲ್ವಲ್ಲ ಅಕ್ಕ" ಎಂದಳು.

"ಈಗ್ಲೂ ಬರಲ್ಲ."

"ಬರತ್ತೆ. ಚೆನ್ನಾಗೇ ಬರತ್ತೆ." ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು, ನಿಲ್ಲಲಿಲ್ಲ. ನರ್ಸನ್ನು ಕರೆಯಬೇಕಾಯಿತು.

ನವೆಂಬರ್ 3, ಶುಕ್ರವಾರ

ಹೊಸ ಔಷಧವನ್ನೂ ನಿಲ್ಲಿಸಿದರು. ಮನೆಗೆ ಕರೆದುಕೊಂಡು ಹೋಗಿ ಎಂದರು. ನೋವಿಗೆ ಮಾತ್ರೆ, ಒಂದು ಹಾಳೆಯ ತುಂಬ ಸೂಚನೆ, ಅಷ್ಟೇ. ಎಷ್ಟು ದಿನ ಎಂದು ಕೇಳಿದ್ದಕ್ಕೆ, "ವಾರಗಳು" ಎಂದರು. ಎಷ್ಟು ವಾರ ಎಂದು ನಾನು ಕೇಳಲಿಲ್ಲ.

ಮಂಚವನ್ನು ಅವಳಿಗೆ ಬಿಟ್ಟುಕೊಟ್ಟು, ನಾನೂ ಮಗುವೂ ನೆಲದ ಮೇಲೆ ಮಲಗುವುದೆಂದಾಯಿತು. ಆಂಬುಲೆನ್ಸಿನಿಂದ ಇಳಿಸುವಾಗ ಮಗು ಬೀದಿಯಲ್ಲೆಲ್ಲ ಕುಣಿಯಿತು. ಪಕ್ಕದ ಮನೆಯಾಕೆಗೆ ಕೂಗಿ ಹೇಳಿತು.

"ನೋಡಿ, ಅಷ್ಟೂ ಸಿಕ್ಕಿದ್ವು! ಅಮ್ಮ ಬಂದ್ಲು!"

ಪಕ್ಕದ ಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಾನು ಮೆಟ್ಟಿಲ ಮೇಲೆ ಔಷಧದ ಚೀಲ ಹಿಡಿದು ನಿಂತಿದ್ದೆ. ನನ್ನ ನಾಲಿಗೆಗೆ ಬರೆ ಹಾಕಬೇಕು.

ನವೆಂಬರ್ 12, ಭಾನುವಾರ

ಮನೆ ಎಂದರೆ ಒಂದೇ ಕೋಣೆ, ಬಾಗಿಲಿಲ್ಲದ ಅಡುಗೆಯ ಮೂಲೆ. ಕಿಟಕಿಯ ಬಿಸಿಲು ಹತ್ತು ಗಂಟೆಗೆ ಮಂಚಕ್ಕೆ ಬಂದು ಹನ್ನೊಂದಕ್ಕೆ ಹೋಗುತ್ತದೆ. ರಜೆಯ ದಿನ ಆ ಒಂದು ಗಂಟೆ ತಾಯಿ ಮಗಳು ರಟ್ಟನ್ನು ಹೊದಿಕೆಯ ಮೇಲೆ ಇಟ್ಟುಕೊಂಡು ಒಂದೊಂದೇ ವರ್ಷ ಹೇಳುತ್ತಾರೆ. ನಾನು ಬಟ್ಟೆ ಹಿಂಡುತ್ತ ಕೇಳಿಸಿಕೊಳ್ಳುತ್ತೇನೆ. 2018ಕ್ಕೆ ಬಂದಾಗ ತಂಗಿ, "ಆ ವರ್ಷ ನಾನು ದೊಡ್ಡಮ್ಮನ ಜೊತೆ ಜಗಳ ಆಡ್ದೆ" ಎಂದಳು.

"ಯಾರದ್ದು ತಪ್ಪು?"

"ನಂದು" ಎಂದೆ ನಾನು, ಬಚ್ಚಲಿನಿಂದಲೇ. ಬಟ್ಟೆ ಹಿಂಡುತ್ತಲೇ ಇದ್ದೆ.

ನವೆಂಬರ್ 25, ಶನಿವಾರ

ಎತ್ತಿ ಕೂರಿಸಿದರೆ ಮೂಳೆ ಕೈಗೆ ಸಿಗುತ್ತದೆ. ಕಣ್ಣು ಹಳದಿಯಾಗಿದೆ. ಇವತ್ತು ಮಾತಾಡಲಿಲ್ಲ.

ಡಿಸೆಂಬರ್ 3, ಭಾನುವಾರ

ಮಗು ಎಲ್ಲ ನಾಣ್ಯಗಳನ್ನೂ ಮತ್ತೆ ಕಾಗದದ ಮೇಲೆ ಉಜ್ಜಿ ನಕಲು ತೆಗೆಯುತ್ತಿತ್ತು. ನಾನು ಗಂಜಿ ಕಾಯಿಸುತ್ತಿದ್ದೆ. ಮೂರು ಕಾಗದ ತಂದು ಒಲೆಯ ಪಕ್ಕ ಇಟ್ಟಳು: 1993, 2003, 2013.

"ದೊಡ್ಡಮ್ಮ, ಇವೆರಡರಲ್ಲಿ ಮೂರು ಒಂದೇ ಥರ ಇದೆ. ಈ ತೊಂಬತ್ತಮೂರಿನ ಮೂರು ಬೇರೆ. ಇದರ ತುದಿ ಒಳಗೆ ಬಗ್ಗಿದೆ. ಎಂಟು ಥರ."

ಕಣ್ಣು ನನ್ನದೇ ಬಂದಿದೆ ಇವಳಿಗೆ. ಸೌಟು ಆಡಿಸುತ್ತ ನಿಂತೆ.

"ಇದನ್ನ ನೀನು ಮಾಡಿದ್ದಾ?"

"ಹೂಂ."

ಬೈದಾಳು, ಅತ್ತಾಳು, ರಟ್ಟನ್ನು ಎಸೆದಾಳು ಎಂದುಕೊಂಡೆ. ಅವಳ ಮುಖ ಅರಳಿತು. ಮಂಚದ ಕಡೆ ಒಮ್ಮೆ ನೋಡಿ, ನನ್ನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದಳು.

"ಹಾಗಾದ್ರೆ ಮುಂದಿನ ವರ್ಷದ್ದೂ ಮಾಡು. ಎರಡು ಸಾವಿರದ ಇಪ್ಪತ್ತನಾಲ್ಕು. ಅದರ ಮುಂದಿಂದೂ ಮಾಡು. ನಮ್ಮ ರಟ್ಟು ಇಪ್ಪತ್ತಮೂರಕ್ಕೇ ಮುಗ್ದೋಯ್ತು, ಅದಕ್ಕೇ ಅಮ್ಮಂಗೆ ಹೀಗಾಗ್ತಿರೋದು. ಕಥೆನೂ ನೀನೇ ಹೇಳು, ಓಟದ ಥರ."

ಗಂಜಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅದನ್ನು ಒರೆಸುವ ನೆಪದಲ್ಲಿ ಬಹಳ ಹೊತ್ತು ಆ ಕಡೆಯೇ ತಿರುಗಿದ್ದೆ.

"ಆಗಲ್ಲ ಕಂದ. ನಾಣ್ಯದಿಂದ ತೆಗೆಯೋಕೆ ಮಾತ್ರ ನಂಗೆ ಬರತ್ತೆ. ಸೇರಿಸೋಕೆ ಬರಲ್ಲ."

"ಪ್ರಯತ್ನ ಮಾಡು" ಎಂದಳು. ಹೋಂವರ್ಕ್ ಮಾಡಿಸುವಾಗ ಅವಳಿಗೆ ನಾನು ಹೇಳುವ ಮಾತು ಅದು.

ಡಿಸೆಂಬರ್ 5, ಮಂಗಳವಾರ

ತಂಗಿಗೆ ಕೇಳಿಸಿತ್ತು. ಮಗು ಶಾಲೆಗೆ ಹೋದ ಮೇಲೆ ಉಸಿರು ಕೂಡಿಸಿಕೊಂಡು ಹೇಳಿದಳು.

"ಮಾಡ್ಕೊಡೇ. ಸುಳ್ಳಾದ್ರೂ ಪರವಾಗಿಲ್ಲ."

"ಲೋಹ ಕೇಳಲ್ಲ ಕಣೇ."

"ನಿನ್ನ ಕೈಲಿ ಆಗದ್ದೂ ಇದ್ಯಾ?" ಎಂದು ಕಣ್ಣು ಮುಚ್ಚಿದಳು.

ಡಿಸೆಂಬರ್ 9, ಶನಿವಾರ

ಪಕ್ಕದ ಮನೆಯಾಕೆಯನ್ನು ತಂಗಿಯ ಬಳಿ ಕೂರಿಸಿ, ಐದು ದಿನ ಅಂಗಡಿಯಲ್ಲಿ ಬಿಡುವು ಸಿಕ್ಕಾಗಲೆಲ್ಲ ಹೆಣಗಿದೆ. 2023ರ ನಾಣ್ಯದ 3ನ್ನು ಕೆರೆದು, ಆ ಜಾಗಕ್ಕೆ ಬೆಸುಗೆ ಹಾಕಿ 4 ಎಬ್ಬಿಸಲು ನೋಡಿದೆ. ಮೂರು ನಾಣ್ಯ ಹಾಳಾದವು. ಬೆಸುಗೆ ಕರಗಿ ಪಕ್ಕದ ಅಂಕಿಗಳನ್ನೂ ನುಂಗಿತು. ಯಜಮಾನ ಬಂದು ಬೆನ್ನ ಹಿಂದೆ ನಿಂತಿದ್ದ. ಹಿತ್ತಾಳೆಯ ಒಂದು ಖಾಲಿ ಪದಕವನ್ನು ತಂದು ಮೇಜಿನ ಮೇಲಿಟ್ಟು ಹೋದ.

ಅದರ ಮೇಲೆ 2024 ಎಂದು ಕೆತ್ತಿದೆ. ಸುತ್ತ ಬಳ್ಳಿಯ ಅಂಚು ಬಿಡಿಸಿದೆ. ನನ್ನ ಕೈಯಿಂದ ಇದಕ್ಕಿಂತ ಚೆನ್ನಾದ ಕೆಲಸ ಬಂದಿಲ್ಲ. ಮಗು ಅಂಚಿನಲ್ಲಿ ಹಿಡಿದು ನೋಡಿತು, ಬೆರಳಿನಿಂದ ಸವರಿತು.

"ಇದು ತಗ್ಗಾಗಿದೆ. ಉಬ್ಬಿಲ್ಲ."

"ಹೂಂ."

"ಪರವಾಗಿಲ್ಲ ದೊಡ್ಡಮ್ಮ" ಎಂದು ನನ್ನ ಬೆನ್ನು ತಟ್ಟಿದಳು. ಅದನ್ನು ರಟ್ಟಿನಲ್ಲಿ ಇಡಲಿಲ್ಲ. ತೂತೂ ಇರಲಿಲ್ಲ. ಅಮ್ಮನ ದಿಂಬಿನ ಕೆಳಗೆ ಇಟ್ಟಳು.

ಡಿಸೆಂಬರ್ 21, ಗುರುವಾರ

ಬೆಳಿಗ್ಗೆ ಬಿಸಿಲು ಮಂಚಕ್ಕೆ ಬರುವ ಮೊದಲೇ ಹೋದಳು. ನಾನು ಬಾಯಿಗೆ ನೀರು ಬಿಡುತ್ತಿದ್ದೆ, ಅದು ಕೆನ್ನೆಯ ಮೇಲೆ ಇಳಿಯಿತು. ಮಗುವನ್ನು ಶಾಲೆಯಿಂದ ಕರೆತಂದೆ. ದಾರಿಯಲ್ಲಿ ಹೇಳಿದೆ. ಸುತ್ತಿ ಬಳಸದೆ ಹೇಳಿದೆ. ಅವಳು ನನ್ನ ಕೈ ಬಿಡಲಿಲ್ಲ.

ನನ್ನ ತಂಗಿಗೆ ಮೂವತ್ತೊಂಬತ್ತು.

ಜನವರಿ 7, ಭಾನುವಾರ

ಮಂಚ ಮತ್ತೆ ನಮ್ಮದಾಗಿದೆ. ಚೋಟು ಈಗ ಗೋಡೆಯ ಕಡೆ ತಿರುಗುವುದಿಲ್ಲ, ನನ್ನ ಕಡೆ ತಿರುಗಿ ಮಲಗುತ್ತಾಳೆ. ಒದೆಯುವುದನ್ನು ಬಿಟ್ಟಿದ್ದಾಳೆ. ಒದ್ದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 18, ಭಾನುವಾರ

ಪೆನ್ಸಿಲ್ ಬೇಕೆಂದಳು. ಬೀದಿ ಕೊನೆಯ ಅಂಗಡಿಗೆ ಹೋದೆವು. ಅಂಗಡಿಯವನಿಗೆ ಇವಳ ಗೀಳು ಗೊತ್ತು. ಇಷ್ಟು ದಿನ ಯಾಕೆ ಬರಲಿಲ್ಲವೆಂಬುದು ಮಾತ್ರ ಗೊತ್ತಿಲ್ಲ. ಚಿಲ್ಲರೆ ಕೊಡುವಾಗ ಡ್ರಾಯರಿನಲ್ಲಿ ಹುಡುಕಿ ಹುಡುಕಿ, ಎತ್ತಿ ಬೆಳಕಿಗೆ ಹಿಡಿದು ತೋರಿಸಿದ.

"ಪುಟ್ಟಿ, ನಿಂಗೋಸ್ಕರ ಎತ್ತಿಟ್ಟಿದ್ದೆ ನೋಡು. ಇಪ್ಪತ್ತನಾಲ್ಕಂದು. ಈ ವಾರ ಬಂದಿದ್ದು. ಇನ್ನೂ ಯಾರ ಕೈಗೂ ಹೋಗಿಲ್ಲ."

ಅವಳು ಅಂಗೈಯಲ್ಲಿ ಇಸಕೊಂಡಳು. ಉಬ್ಬಿದ 4ರ ಮೇಲೆ ಬೆರಳಾಡಿಸಿದಳು. ನಾನು ಅವಳ ಭುಜದ ಮೇಲೆ ಕೈಯಿಟ್ಟೆ. ಅವಳು ನಾಣ್ಯವನ್ನು ಗಾಜಿನ ಮೇಲೆ ಇಟ್ಟು ಅಂಗಡಿಯವನ ಕಡೆಗೆ ತಳ್ಳಿದಳು.

"ಬೇಡ. ಬೇರೆ ಕೊಡಿ."

"ಅಯ್ಯೋ, ಹೊಸದು ಕಣಮ್ಮ!"

"ಬೇಡ."

ಅವನು ನನ್ನ ಮುಖ ನೋಡಿದ. ಬೇರೆಯದನ್ನೇ ಕೊಡಿ ಎಂಬಂತೆ ನಾನು ತಲೆಯಾಡಿಸಿದೆ. ಡ್ರಾಯರಿನಿಂದ ಕೈಗೆ ಸಿಕ್ಕ ಒಂದನ್ನು ತೆಗೆದುಕೊಟ್ಟ, ಕಪ್ಪಾದದ್ದು, ಸವೆದದ್ದು. ಅವಳು ಯಾವ ವರ್ಷದ್ದೆಂದು ನೋಡದೆ ಜೇಬಿಗೆ ಹಾಕಿಕೊಂಡಳು.